ಅಪ್ಪನ ಕೆರೆಯ ನಡಿಗೆ ಚಂದ್ರತಾಲ್‌ಗೆ ಸಾಕೇ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಶಿಕ್ಷಕಿ, ವಯಸ್ಸು 46. ದಸರಾ ರಜೆಯಲ್ಲಿ ನಾನು, ನಮ್ಮ ಯಜಮಾನರು, 19 ವರ್ಷದ ಮಗ ಹಾಗೂ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವ ನಮ್ಮ ಅಣ್ಣ ಹಿಮಾಚಲ ಪ್ರದೇಶದ ಚಂದ್ರತಾಲ್ ಸರೋವರವನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬರಬೇಕೆಂದಿದ್ದೇವೆ. ಮನಾಲಿಯಲ್ಲಿ ಒಂದು ರಾತ್ರಿ ಉಳಿದು, ಮರುದಿನ ಜೀಪಿನಲ್ಲಿ ನೇರವಾಗಿ ಸರೋವರದ ಸಮೀಪದ ಡೇರೆಗಳಿಗೆ ಹೋಗುವ ಯೋಚನೆಯಿದೆ. ಎರಡು ವರ್ಷಗಳಿಂದ ದಿನವೂ ಬೆಳಿಗ್ಗೆ ಅಪ್ಪನ ಕೆರೆಯ ಸುತ್ತ ನಡೆಯುತ್ತೇನೆ. ಇಷ್ಟು ಸಿದ್ಧತೆ ಸಾಕೇ? ಮಗ ಜಿಮ್‌ಗೆ ಹೋಗುವವನು, ಅವನ ಚಿಂತೆಯಿಲ್ಲ.

ಉತ್ತರ: ನಿಮ್ಮ ಕಾಲುಗಳ ಸಿದ್ಧತೆ ಸಾಕು, ನಿಮ್ಮ ಪ್ರಯಾಣದ ಯೋಜನೆ ಮಾತ್ರ ಸರಿಯಿಲ್ಲ. ನೀವು ಚಿಂತೆಯಿಲ್ಲವೆಂದು ಬರೆದ ಮಗನ ಬಗ್ಗೆಯೇ ನನಗೆ ಹೆಚ್ಚು ಚಿಂತೆಯಾಗಿದೆ.

ಚಂದ್ರತಾಲ್ ಸುತ್ತಲಿನ ದಾರಿಯಲ್ಲಿ ಕಡಿದಾದ ಏರು ಹೆಚ್ಚಿಲ್ಲ. ಯಾದಗಿರಿ ಕೋಟೆಯ ಬೆಟ್ಟವನ್ನು ಬೆನ್ನಚೀಲ ಹೊತ್ತು ನಿಲ್ಲದೆ ಹತ್ತಿ ಇಳಿಯಬಲ್ಲವರಿಗೆ ಆ ನಡಿಗೆ ಕಷ್ಟವಾಗಲಾರದು. ಕಷ್ಟವಿರುವುದು ಎತ್ತರದಲ್ಲಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಚಂದ್ರತಾಲ್ ಸುಮಾರು 4,250 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿನ ಆಮ್ಲಜನಕದ ಪಾಲು ಎರಡೂ ಕಡೆ ಶೇ 21 ಆಗಿದ್ದರೂ, ಅಲ್ಲಿ ಗಾಳಿಯ ಒತ್ತಡ ನಮ್ಮೂರಿನದರ ಶೇ 62ರಷ್ಟಕ್ಕೆ ಇಳಿಯುವುದರಿಂದ ಪ್ರತಿ ಉಸಿರಿನಲ್ಲಿ ದೇಹಕ್ಕೆ ದಕ್ಕುವ ಆಮ್ಲಜನಕವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಇದನ್ನು ಕಣ್ಣಾರೆ ಕಾಣಬೇಕೆಂದರೆ ಡೇರೆಯ ಅಡುಗೆಮನೆಗೆ ಹೋಗಿ ನೋಡಿ: ಅಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ನಮ್ಮ ತೊಗರಿಬೇಳೆಯನ್ನಿಟ್ಟರೆ ನೀರು ತಳಮಳಿಸುತ್ತಲೇ ಇರುತ್ತದೆ, ಬೇಳೆ ಮಾತ್ರ ಗಂಟೆ ಕಳೆದರೂ ಹಿಚುಕಿದರೆ ಕಾಳಾಗಿಯೇ ಬೆರಳಿಗೆ ತಾಗುತ್ತದೆ. ಕುಕ್ಕರ್ ಇಲ್ಲದೆ ಅಲ್ಲಿ ಬೇಳೆ ಬೇಯಿಸುವುದು ವ್ಯರ್ಥ ಪ್ರಯತ್ನ.

ಇಂಥ ಗಾಳಿಗೆ ದೇಹ ಹೊಂದಿಕೊಳ್ಳಲು ದಿನಗಳು ಬೇಕು, ಅದಕ್ಕೆ ವ್ಯಾಯಾಮ ಬದಲಿಯಾಗದು. ಜಿಮ್‌ನಲ್ಲಿ ಬೆಳೆಸಿದ ಮೈಕಟ್ಟು ಎತ್ತರದ ಕಾಯಿಲೆಯನ್ನು ತಡೆಯುವುದಿಲ್ಲ. ಬದಲಿಗೆ, ಕಸುವಿರುವ ಹುಡುಗರು ಬಂದಿಳಿದ ಕೂಡಲೇ ಓಡಾಡಿ, ತಲೆನೋವು ಬಂದರೂ ಹೇಳಿಕೊಳ್ಳದೆ ಪೆಟ್ಟು ತಿನ್ನುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಸುಮಾರು 2,000 ಮೀಟರ್ ಎತ್ತರದ ಮನಾಲಿಯಿಂದ ಒಂದೇ ದಿನದಲ್ಲಿ ಅದರ ಎರಡರಷ್ಟು ಎತ್ತರಕ್ಕೆ ಹೋಗಿ ಅಲ್ಲೇ ಮಲಗುವ ನಿಮ್ಮ ಯೋಜನೆಯನ್ನು ದಯವಿಟ್ಟು ಕೈಬಿಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಮತ್ತು ಪ್ರತಿ 1,000 ಮೀಟರಿಗೆ ಒಂದು ರಾತ್ರಿ ಹೆಚ್ಚಾಗಿ ತಂಗಬೇಕು ಎಂಬುದು ವೈದ್ಯಕೀಯವಾಗಿ ಒಪ್ಪಿತವಾದ ನಿಯಮ.

ಆದ್ದರಿಂದ ದಾರಿಯನ್ನು ತಿರುಗುಮುರುಗು ಮಾಡಿಕೊಳ್ಳಿ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ ಸೇರಿ, ಅಲ್ಲಿಂದ ಶಿಮ್ಲಾ, ಕಲ್ಪಾ, ತಾಬೊ ಎಂದು ಒಂದೊಂದು ರಾತ್ರಿ ಉಳಿಯುತ್ತ ಸ್ಪಿತಿ ಕಣಿವೆಯ ಕಾಜಾಕ್ಕೆ ಹೋಗಿ ಎರಡು ರಾತ್ರಿ ತಂಗಿರಿ. ಮುಂದೆ ಲೋಸರ್ ಗ್ರಾಮದಲ್ಲಿ ಒಂದು ರಾತ್ರಿ ಕಳೆದು, ಸುಮಾರು 4,550 ಮೀಟರ್ ಎತ್ತರದ ಕುಂಜುಂ ಕಣಿವೆದಾರಿಯನ್ನು ಹಗಲಿನಲ್ಲಿ ದಾಟಿ ಸರೋವರಕ್ಕೆ ಇಳಿಯಿರಿ. ಮರಳುವಾಗ ಮನಾಲಿಯ ಕಡೆ ಇಳಿದರಾಯಿತು. ರೈಲಿನ ದಿನಗಳೂ ಸೇರಿ 13 ದಿನ ಬೇಕಾಗಬಹುದು. ಅಷ್ಟು ರಜೆ ಸಿಗದಿದ್ದರೆ ಈ ವರ್ಷ ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ನಡೆದು ಬನ್ನಿ. ಮಳೆ ನಿಂತ ಮೇಲಿನ ಆ ಹಸಿರನ್ನು ನಮ್ಮ ಜಿಲ್ಲೆಯವರೇ ಸರಿಯಾಗಿ ನೋಡಿಲ್ಲ ಎಂಬ ಕೊರಗು ನನಗಿದೆ.

ನಮ್ಮಲ್ಲಿ ತೊಗರಿ ಹೂ ಬಿಡುವ ಅಕ್ಟೋಬರ್‌ನಲ್ಲಿ ಅಲ್ಲಿ ಆಕಾಶ ತಿಳಿಯಾಗಿ, ನೀರು ಗಳಿಗೆಗೊಂದು ಬಣ್ಣ ತಾಳುವ ಕಾಲ. ಆದರೆ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ, ತಿಂಗಳ ಮಧ್ಯದ ಹೊತ್ತಿಗೆ ಡೇರೆಗಳು ಮುಚ್ಚತೊಡಗುತ್ತವೆ, ಒಂದೇ ಹಿಮಪಾತಕ್ಕೆ ಕುಂಜುಂ ರಸ್ತೆಯೂ ಮುಚ್ಚಬಹುದು. ಆದ್ದರಿಂದ ತಿಂಗಳ ಮೊದಲ ವಾರದಲ್ಲೇ ಅಲ್ಲಿರುವಂತೆ ನೋಡಿಕೊಂಡು, ಕಾಜಾದಲ್ಲಿ ರಸ್ತೆಯ ಸ್ಥಿತಿ ವಿಚಾರಿಸಿ ಮುಂದುವರಿಯಿರಿ. ಉಣ್ಣೆಯ ಟೊಪ್ಪಿ, ಕೈಗವಸು, ಗಾಳಿ ತಡೆಯುವ ಜಾಕೆಟ್, ಕಪ್ಪು ಕನ್ನಡಕ ಎಲ್ಲರಿಗೂ ಇರಲಿ. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಹಗುರ, ಕೆಡುವುದಿಲ್ಲ, ಹಸಿವು ಕುಗ್ಗಿದಾಗಲೂ ಬಾಯಿಗೆ ರುಚಿಸುತ್ತವೆ.

ನಿಮ್ಮ ಅಣ್ಣನವರ ರಕ್ತದೊತ್ತಡ ಹತೋಟಿಯಲ್ಲಿದ್ದರೆ ಪ್ರಯಾಣಕ್ಕೆ ಅದೊಂದೇ ಅಡ್ಡಿಯಾಗದು. ಆದರೂ ಅವರು ತಮ್ಮ ವೈದ್ಯರನ್ನು ಕಂಡೇ ಹೊರಡಲಿ, ಮಾತ್ರೆಯನ್ನು ಒಂದು ದಿನವೂ ಬಿಡದಿರಲಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ನಾಲ್ವರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಸಲ್ಫಾ ಔಷಧಿಗಳು ಒಗ್ಗದವರು ಅದನ್ನು ಮುಂಚಿತವಾಗಿ ತಿಳಿಸಬೇಕು.

ಸರೋವರದ ದಂಡೆಯಲ್ಲಿ ಡೇರೆ ಹಾಕುವಂತಿಲ್ಲ. 2005ರಿಂದ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿದೆ. ವಾಹನ ನಿಲ್ಲುವ ಜಾಗದಿಂದ ನಡೆದೇ ಹೋಗಬೇಕು. ಬಿಸಿಲು ಏರಿ ಕಲ್ಲುಗಳ ಮೇಲಿನ ಇಬ್ಬನಿಯ ಮಂಜು ಕರಗಿದ ಮೇಲೆ, ಗಾಳಿ ಜೋರಾಗುವ ಮಧ್ಯಾಹ್ನಕ್ಕೆ ಮೊದಲು ಸುತ್ತು ಮುಗಿಸಿ. ಅಲ್ಲಿನವರಿಗೆ ಅದು ಪವಿತ್ರ ಜಲ, ಹಾಗಾಗಿ ಬಲಕ್ಕೆ ಪ್ರದಕ್ಷಿಣೆಯಾಗಿ ನಡೆಯಿರಿ, ನೀರಿಗಿಳಿಯಬೇಡಿ. ಮಾತಾಡುತ್ತ ನಡೆಯಲು ಆಗದಿದ್ದರೆ ವೇಗ ಹೆಚ್ಚಾಗಿದೆ ಎಂದು ತಿಳಿಯಿರಿ.

ಯಾರಿಗಾದರೂ ತಲೆನೋವಿನ ಜೊತೆ ವಾಕರಿಕೆ ಬಂದರೆ ಇನ್ನು ಮೇಲೇರುವುದು ಬೇಡ. ಕುಳಿತಲ್ಲೇ ಏದುಸಿರು ಬಂದರೆ, ಅಥವಾ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಹೇಳಿದಾಗ ತೂರಾಡಿದರೆ ಬೆಳಗಾಗುವವರೆಗೆ ಕಾಯದೆ ಆ ಗಳಿಗೆಯಲ್ಲೇ ಕೆಳಗಿಳಿಸಬೇಕು. ಆಗ ಬಂದ ದಾರಿಯನ್ನು ಹಿಡಿಯಬೇಡಿ, ಏಕೆಂದರೆ ಕಾಜಾದ ಕಡೆಗೆ ಹೋಗಲು ಮೊದಲು ಕುಂಜುಂ ಏರಬೇಕಾಗುತ್ತದೆ. ಮನಾಲಿಯ ದಿಕ್ಕಿನಲ್ಲಿ, ಬಾತಾಲ್ ಮಾರ್ಗವಾಗಿ ಇನ್ನೂ ಕೆಳಗಿರುವ ಛತ್ರು ಕಡೆಗೆ ಇಳಿಯಿರಿ. ಸರೋವರದ ಬಳಿ ಮೊಬೈಲ್ ನೆಟ್‌ವರ್ಕ್ ಇರದ ಕಾರಣ ಬೇರೆ ವಾಹನ ಕರೆಸುವುದು ಸಾಧ್ಯವಿಲ್ಲ. ನಿಮ್ಮ ಜೀಪು ಮತ್ತು ಅದರ ಚಾಲಕರು ಆ ರಾತ್ರಿ ಡೇರೆಯ ಬಳಿಯೇ ಉಳಿಯಬೇಕೆಂದು ಕಾಜಾದಲ್ಲೇ ಮಾತಾಡಿ ಒಪ್ಪಿಸಿಕೊಂಡಿರಿ.