ಗೋಲು ತಪ್ಪುತ್ತಿರುವುದು ಕೈಯಿಂದ, ಕಾಲನ್ನು ಬೈಯಬೇಡಿ

ಮೆಲ್ಬರ್ನ್‌ನ ಕನ್ನಡದ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಕ್ರಿಕೆಟ್ ಕಿಟ್ ಗ್ಯಾರೇಜ್ ಸೇರುತ್ತದೆ, ಫೂಟಿಯ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲಿನ, ಕೆಂಪು ಶೆರಿನ್ ಚೆಂಡು ಹೊರಗೆ ಬರುತ್ತದೆ. ಅದರ ಹಿಂದೆಯೇ ನನಗೆ ಪ್ರಶ್ನೆಗಳೂ ಬರುತ್ತವೆ. ಕಿರಿಯರಿಗೆ ಕಿಕಿಂಗ್ ಹೇಳಿಕೊಡುತ್ತಾ ಬಂದ ಇಷ್ಟು ವರ್ಷಗಳಲ್ಲಿ ಒಂದೇ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲವೂ ಮಗುವಿಗೆ ಯಾರೋ ತಪ್ಪು ಸಲಹೆ ಕೊಟ್ಟು ಮುಗಿಸಿರುತ್ತಾರೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಡ್ರಾಪ್ ಪಂಟ್ (ಚೆಂಡನ್ನು ಕೈಯಿಂದ ಬಿಟ್ಟು ನೆಲ ಮುಟ್ಟುವ ಮುಂಚೆ ನೇರವಾಗಿ ಹೊಡೆಯುವ ಕಿಕ್) ಅಂದರೇನು, ಚೆಂಡು ಹಿಡಿಯುವುದು ಹೇಗೆ ಅನ್ನುವ ಮೊದಲ ಪಾಠ ಇಲ್ಲಿಲ್ಲ. ಅದನ್ನು ನಿಮ್ಮ ಕ್ಲಬ್ಬಿನವರೇ ಕಲಿಸಿರುತ್ತಾರೆ.

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಟಾರ್ನೀಟ್ ಕಡೆಯ ಒಂದು ತಂಡದಲ್ಲಿ ಫುಲ್ ಫಾರ್ವರ್ಡ್ (ಗೋಲಿನ ಹತ್ತಿರ ನಿಂತು ಗೋಲು ಹೊಡೆಯುವವನು) ಆಡುತ್ತಾನೆ, ಬಲಗಾಲಿನವನು. ಪ್ರಾಕ್ಟೀಸಿನಲ್ಲಿ ಹತ್ತಕ್ಕೆ ಎಂಟು ಗೋಲು ಹೊಡೆಯುತ್ತಾನೆ. ಮ್ಯಾಚಿನಲ್ಲಿ 30 ಮೀಟರಿನಿಂದ ನೇರಕ್ಕೆ ನಿಂತು ಹೊಡೆದರೂ ಚೆಂಡು ಎಡಕ್ಕೆ ಹೋಗುತ್ತದೆ. ಹೋದ ಎರಡು ಮ್ಯಾಚ್ ಸೇರಿ 2 ಗೋಲು, 7 ಬಿಹೈಂಡ್ (ಗೋಲು ಕಂಬ ತಪ್ಪಿ ಅದರ ಪಕ್ಕದ ಕಂಬದೊಳಗೆ ಹೋದದ್ದು). ಕೋಚ್ ‘ರಿಲ್ಯಾಕ್ಸ್ ಆಗು’ ಅನ್ನುತ್ತಾರೆ. ನಮ್ಮ ಮನೆಯವರು ಕಾಲಿಗೆ ಬಲ ಸಾಲದು, ಜಿಮ್ಮಿಗೆ ಸೇರಿಸೋಣ ಅನ್ನುತ್ತಾರೆ. ಏನು ಮಾಡಲಿ ಸರ್?

ಮೊದಲು ಜಿಮ್ಮಿನ ಮಾತು ಬಿಡಿ ಮೇಡಂ. ಚೆಂಡು ಗೋಲಿನ ಗೆರೆ ದಾಟುತ್ತಿದೆ ಅಲ್ವಾ? ಹಾಗಾದರೆ ಬಲ ಸಾಕಷ್ಟಿದೆ. ಅದು ಹೋಗುತ್ತಿರುವ ದಿಕ್ಕು ಮಾತ್ರ ತಪ್ಪು. ಇನ್ನಷ್ಟು ಬಲ ಸೇರಿಸಿದರೆ ಇನ್ನಷ್ಟು ಜೋರಾಗಿ ಎಡಕ್ಕೆ ಹೋಗುತ್ತದೆ.

7 ಬಿಹೈಂಡ್ ಸಣ್ಣ ವಿಷಯವಲ್ಲ, ನಿಮ್ಮ ಚಿಂತೆ ಸರಿಯಾಗಿದೆ. ಗೋಲಿಗೆ 6 ಅಂಕ, ಬಿಹೈಂಡಿಗೆ 1. ಈ ಆಟದ ದೊಡ್ಡ ಲೀಗ್ ಎಎಫ್‌ಎಲ್‌ನ 2008ರ ಗ್ರ್ಯಾಂಡ್ ಫೈನಲ್ ನೆನಪಿಸಿಕೊಳ್ಳಿ. ಜೀಲಾಂಗ್ ತಂಡ 11 ಗೋಲು, 23 ಬಿಹೈಂಡ್ ಗಳಿಸಿ 89 ಅಂಕಕ್ಕೆ ನಿಂತಿತು. ಹಾಥಾರ್ನ್ 18 ಗೋಲು, 7 ಬಿಹೈಂಡ್ ಗಳಿಸಿ 115 ಅಂಕದೊಂದಿಗೆ ಕಪ್ ಎತ್ತಿಕೊಂಡು ಹೋಯಿತು. ಅಂಕ ಬಂದದ್ದು ಸೋತವರಿಗೆ 34 ಸಲ, ಗೆದ್ದವರಿಗೆ 25 ಸಲ.

ಈಗ ಅಳತೆ ನೋಡಿ. ಎರಡು ಗೋಲು ಕಂಬಗಳ ನಡುವೆ 6.4 ಮೀಟರ್ ಜಾಗ. 30 ಮೀಟರಿನಿಂದ ನೇರಕ್ಕೆ ನಿಂತರೆ ಮಧ್ಯದಿಂದ ಎಡಕ್ಕಾಗಲಿ ಬಲಕ್ಕಾಗಲಿ ಸುಮಾರು 6 ಡಿಗ್ರಿ ತಪ್ಪಬಹುದು. ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷದಲ್ಲಿ ತಿರುಗುವುದು ಅಷ್ಟೇ. 50 ಮೀಟರಿಗೆ ಹೋದರೆ ಅದು ಮೂರೂವರೆ ಡಿಗ್ರಿಗಿಂತ ಚೂರು ಜಾಸ್ತಿ. ಇಷ್ಟು ಚಿಕ್ಕ ತಪ್ಪು ಎಲ್ಲಿಂದ ಹುಟ್ಟುತ್ತದೆ? ನಾನು ನೋಡಿದ ಮಕ್ಕಳಲ್ಲಿ ಬಹುತೇಕ ಎಲ್ಲರಿಗೂ ಕೈಯಿಂದ. ಚೆಂಡನ್ನು ಕಾಲಿನ ಕಡೆಗೆ ಬಿಡುವ ಕೈಯಿಂದ.

ಕೈ ಬಿಟ್ಟ ಮೇಲೆ, ಕಾಲು ಮುಟ್ಟುವ ತನಕ, ಚೆಂಡಿನ ಮೇಲೆ ಯಾರ ಹಿಡಿತವೂ ಇರುವುದಿಲ್ಲ. ಗುಂಡಗಿನ ಚೆಂಡಾದರೆ ಹೇಗೆ ಬಿದ್ದರೂ ಒಂದೇ. ಇದು ಮೊಟ್ಟೆಯಾಕಾರದ್ದು. ತುದಿ ಚೂರು ವಾಲಿದರೂ ಪಾದಕ್ಕೆ ಬೇರೆಯೇ ಜಾಗ ಸಿಗುತ್ತದೆ. ಚೆಂಡು ತಪ್ಪು ಜಾಗದಲ್ಲಿ ಬಿದ್ದರೆ ಕಾಲು ಅದನ್ನು ಹುಡುಕಿಕೊಂಡು ಹೋಗುತ್ತದೆ. ಪಾಪ, ಕಾಲಿನ ತಪ್ಪೇನೂ ಇಲ್ಲ.

ಹೋದ ಚಳಿಗಾಲ ಇಂಥದ್ದೇ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಸಂಜೆ, ಓವಲ್‌ನ ದೀಪ ಹಾಕಿದ್ದರು, ಹುಲ್ಲು ಒದ್ದೆ. ಫೋನನ್ನು ಸ್ಲೋ ಮೋಷನ್ನಿಗೆ ಹಾಕಿ ಅವನ ಹಿಂದೆ ನಿಂತೆ. ಮೊದಲ ಐದು ಕಿಕ್ ಸುಮ್ನೆ ಹೊಡೆಸಿದೆ, ಐದೂ ಗೋಲು. ಆಮೇಲೆ ಅವನ ಜೊತೆಯವರನ್ನೆಲ್ಲ ಗೋಲಿನ ಹಿಂದೆ ಸಾಲಾಗಿ ನಿಲ್ಲಿಸಿ, ‘ಇದು ತಪ್ಪಿದರೆ ಎಲ್ಲರೂ ಒಂದು ಸುತ್ತು ಓಡಬೇಕು’ ಅಂದೆ. ಚೆಂಡು ಎಡಕ್ಕೆ ಹೋಯಿತು. ವಿಡಿಯೊ ನೋಡಿದಾಗ ಎಲ್ಲ ಸ್ಪಷ್ಟವಾಗಿ ಕಂಡಿತು. ಮೊದಲ ಐದರಲ್ಲಿ ಅವನ ಎಡಗೈ ಮೊದಲೇ ಬಿಟ್ಟು ಪಕ್ಕಕ್ಕೆ ಹೋಗಿತ್ತು. ಬಲಗೈಯೊಂದೇ ಚೆಂಡನ್ನು ಬಲತೊಡೆಯ ಮುಂದೆ ಇಳಿಸಿತ್ತು. ಆರನೆಯದರಲ್ಲಿ ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದ. ಎಡಗೈ ಬಿಡಲೇ ಇಲ್ಲ. ಕೊನೆಗೆ ಬಿಟ್ಟಾಗ ಚೆಂಡನ್ನೂ ತನ್ನ ಕಡೆಗೆ ಎಳೆದುಕೊಂಡಿತು. ಚೆಂಡು ಹೊಕ್ಕುಳ ಮುಂದೆ ಬಿತ್ತು. ಬಲಗಾಲು ಅದನ್ನು ಹುಡುಕಿಕೊಂಡು ಮೈಗೆ ಅಡ್ಡವಾಗಿ ಬೀಸಿತು. ಇನ್ನು ಎಡಕ್ಕೆ ಹೋಗದೆ ಎಲ್ಲಿಗೆ ಹೋಗುತ್ತದೆ ಹೇಳಿ?

ನಿಮ್ಮ ಮಗನದ್ದೂ ಇದೇ ಇರಬೇಕು ಅನ್ನುವುದು ನನ್ನ ಅನಿಸಿಕೆ. ಪ್ರಾಕ್ಟೀಸಿನಲ್ಲಿ ಸರಿ, ಮ್ಯಾಚಿನಲ್ಲಿ ಎಡಕ್ಕೆ. ಭಯ ಮನಸ್ಸಿನಲ್ಲಿ ಹುಟ್ಟುತ್ತದೆ ನಿಜ, ಆದರೆ ಕೆಲಸ ಕೆಡಿಸುವುದು ಬೆರಳಿನಲ್ಲಿ. ‘ರಿಲ್ಯಾಕ್ಸ್ ಆಗು’ ಅಂತ ಹೇಳಿದ ಮಾತ್ರಕ್ಕೆ ಯಾರ ಬೆರಳೂ ಸಡಿಲ ಆಗುವುದಿಲ್ಲ. ಈ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಹುಡುಗನಿಗೆ ಮಾಡಲು ಏನಾದರೂ ಕೆಲಸ ಕೊಡಬೇಕು.

ಮೊದಲು ಹಿಂದಿನಿಂದ ವಿಡಿಯೊ ತೆಗೆಯಿರಿ. ಪಕ್ಕದಿಂದ ತೆಗೆದದ್ದರಲ್ಲಿ ಎಡ ಬಲ ಕಾಣುವುದಿಲ್ಲ. ಚೆಂಡು ಹೇಗೆ ತಿರುಗುತ್ತಾ ಹೋಗುತ್ತದೆ ಅಂತಲೂ ನೋಡಿ. ತುದಿಯ ಮೇಲೆ ತುದಿಯಾಗಿ ನೆಟ್ಟಗೆ ಹಿಂದಕ್ಕೆ ಉರುಳುತ್ತಾ ಹೋದರೆ ಚೆಂಡು ಪಾದಕ್ಕೆ ನೆಟ್ಟಗೆ ಸಿಕ್ಕಿದೆ. ತೂರಾಡುತ್ತಾ ಹೋದರೆ ಕೈ ಬಿಟ್ಟಾಗಲೇ ವಾಲಿತ್ತು ಅಂತ ಲೆಕ್ಕ.

ಆಮೇಲೆ ಎರಡು ವಾರ ಗೋಲಿನ ಕಡೆ ಕಿಕ್ಕೇ ಬೇಡ. ಹೌದು, ಎರಡು ವಾರ. ಹುಡುಗರು ಒಪ್ಪುವುದಿಲ್ಲ, ಒಪ್ಪಿಸಿ. ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ನಿಂತು, ಕಿಕ್ ಹೊಡೆಯದೆ, ಬಲಗೈ ಒಂದರಿಂದಲೇ ಚೆಂಡು ಬಿಡಲಿ. ತುದಿಯ ಮೇಲೆ ನೆಟ್ಟಗೆ ಬಿದ್ದರೆ ಅದು ಪುಟಿದು ಹೆಚ್ಚುಕಡಿಮೆ ಕೈಗೇ ವಾಪಸ್ ಬರುತ್ತದೆ. ವಾಲಿ ಬಿದ್ದರೆ ಯಾವ ಕಡೆ ವಾಲಿತ್ತೋ ಪುಟಿತವೇ ಹೇಳಿಬಿಡುತ್ತದೆ. ದಿನಕ್ಕೆ 50 ಸಲ, ಐದು ನಿಮಿಷದ ಕೆಲಸ. ಕೈ ಎತ್ತರದಿಂದ ಬಿಡಬಾರದು, ಸೊಂಟದ ತನಕ ಜೊತೆಗೇ ಇಳಿದು ಬಿಡಬೇಕು. ಚೆಂಡು ಗಾಳಿಯಲ್ಲಿ ಒಂಟಿಯಾಗಿರುವ ಹೊತ್ತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಅದರ ಜೊತೆಗೆ ಓವಲ್‌ನ ಬಿಳಿ ಗೆರೆಯೊಂದರ ಮೇಲೆ ನಿಂತು, 20 ಮೀಟರ್ ದೂರದಲ್ಲಿ ಅದೇ ಗೆರೆಯ ಮೇಲೆ ನಿಂತವರಿಗೆ ಕಿಕ್. ಹೊಡೆದ ಮೇಲೆ ಬಲಗಾಲು ಎಲ್ಲಿ ಊರಿತು ನೋಡಲಿ. ಗೆರೆಯ ಹತ್ತಿರವೇ ಇದ್ದರೆ ಸರಿ. ಎಡಕ್ಕೆ ದಾಟಿ ಊರಿದ್ದರೆ ಕಾಲು ಅಡ್ಡ ಬೀಸಿದೆ.

ಮೂರನೇ ವಾರ ಗೋಲಿಗೆ ಬರಲಿ, ಆದರೆ 15 ಮೀಟರಿನಿಂದ, ಗುರಿ ಒಂದು ಕಂಬ. ಕಂಬಕ್ಕೆ ಗುರಿಯಿಟ್ಟು ಒಂದು ಮೀಟರ್ ತಪ್ಪುವವನಿಗೆ 6.4 ಮೀಟರ್ ಜಾಗ ಆಟದ ಬಯಲಿನಷ್ಟು ಅಗಲ ಕಾಣುತ್ತದೆ.

ಇನ್ನು ಆ ಹತ್ತಕ್ಕೆ ಎಂಟು. ಅದನ್ನು ನಂಬಬೇಡಿ. ಒಂದೇ ಜಾಗದಿಂದ ಸಾಲಾಗಿ ಹತ್ತು ಹೊಡೆದಾಗ ಒಂದರ ತಪ್ಪನ್ನು ಮುಂದಿನದು ತಿದ್ದುತ್ತದೆ. ಮ್ಯಾಚಿನಲ್ಲಿ ಎರಡನೇ ಅವಕಾಶ ಯಾರು ಕೊಡುತ್ತಾರೆ? ಅಲ್ಲಿ ಅವನು 80 ಮೀಟರ್ ಓಡಿ, ಹಾರಿ ಮಾರ್ಕ್ (ಕಿಕ್ಕಿನಿಂದ ಬಂದ ಚೆಂಡನ್ನು ಗಾಳಿಯಲ್ಲೇ ಹಿಡಿಯುವುದು) ಹಿಡಿದು, ಏದುಸಿರು ಬಿಡುತ್ತಾ ಹೊಡೆಯಬೇಕು. ಪ್ರಾಕ್ಟೀಸೂ ಹಾಗೇ ಇರಲಿ. ಒಂದು ಓಟ, ಒಂದು ಕಿಕ್. ಆಮೇಲೆ ಬೇರೇನಾದರೂ ಹತ್ತು ನಿಮಿಷ. ಮತ್ತೆ ಬೇರೆ ಜಾಗದಿಂದ ಒಂದು ಓಟ, ಒಂದು ಕಿಕ್. ಒಂದು ಸಂಜೆಗೆ ಎಂಟೇ ಸಾಕು.

ಮ್ಯಾಚಿನಲ್ಲಿ ಸೆಟ್ ಶಾಟ್, ಅಂದರೆ ಯಾರೂ ಅಡ್ಡ ಬರದೆ ನಿಧಾನವಾಗಿ ಹೊಡೆಯುವ ಕಿಕ್, ಸಿಕ್ಕಾಗ ಆತುರ ಬೇಡ. ಎಎಫ್‌ಎಲ್‌ನಲ್ಲಿ 30 ಸೆಕೆಂಡ್ ಕೊಡುತ್ತಾರೆ, ಅದು ಬೇಕಾದಷ್ಟಾಯಿತು. ಮಾರ್ಕ್ ಹಿಡಿದ ಜಾಗದಿಂದ ಹಿಂದೆ ನಡೆಯುವಾಗ ಗೋಲಿನ ಮಧ್ಯಕ್ಕೆ ನೇರವಾಗಿ ಹಿಂದೆ ಹೋಗಬೇಕು. ಅರ್ಧ ಮಕ್ಕಳು ಇಲ್ಲೇ ಓರೆಯಾಗುತ್ತಾರೆ. ಗೋಲಿನ ಹಿಂದೆ ಒಂದು ಮರವನ್ನೋ, ನಿಂತಿರುವ ಕಾರನ್ನೋ ಗುರಿ ಮಾಡಿಕೊಳ್ಳಲಿ. ಒಂದು ಉಸಿರು ಪೂರ್ತಿ ಹೊರಗೆ ಬಿಡಲಿ. ಬೆರಳುಗಳನ್ನು ಚೆಂಡಿನ ಮೇಲೆ ಒಮ್ಮೆ ಬಿಡಿಸಿ ಮತ್ತೆ ಹಿಡಿಯಲಿ. ಇದೇ ನಾನು ಹೇಳಿದ ಕೆಲಸ. ಬಿಗಿ ಇದ್ದರೆ ಆಗಲೇ ಗೊತ್ತಾಗುತ್ತದೆ. ಆಮೇಲೆ ಎಷ್ಟು ಹೆಜ್ಜೆ ಅಭ್ಯಾಸವೋ ಅಷ್ಟೇ ಹೆಜ್ಜೆ, ಗುರಿಯ ಕಡೆಗೆ ನೇರವಾಗಿ. ಕೊನೆಯಲ್ಲಿ ನಿಧಾನ ಮಾಡಬಾರದು. ಹೊಡೆದ ಮೇಲೂ ಎರಡು ಹೆಜ್ಜೆ ಮುಂದಕ್ಕೆ ಹೋಗಬೇಕು.

ಒಂದು ಮಾತು. ದೊಡ್ಡ ಆಟಗಾರರ ಹೊರಗಿನ ವೇಷ ನಕಲು ಮಾಡಿಸಬೇಡಿ. ಎಸೆಂಡನ್‌ನ ಮ್ಯಾಥ್ಯೂ ಲಾಯ್ಡ್ ಕಿಕ್ಕಿಗೆ ಮುಂಚೆ ಹುಲ್ಲು ಕಿತ್ತು ಗಾಳಿಗೆ ತೂರುತ್ತಿದ್ದರು. ಬೆನ್ ಬ್ರೌನ್ ತುಂಬಾ ದೂರದಿಂದ ಓಡಿಬರುತ್ತಿದ್ದರು. ಸಾವಿರ ಗೋಲು ದಾಟಿದ ಲ್ಯಾನ್ಸ್ ಫ್ರ್ಯಾಂಕ್ಲಿನ್ ಎಡಗಾಲಿನವರು, ಬಿಲ್ಲಿನಂತೆ ಬಾಗಿ ಓಡಿಬಂದು ಹೊಡೆಯುತ್ತಿದ್ದರು. ಮೂವರದ್ದೂ ಮೂರು ದಾರಿ. ಒಬ್ಬೊಬ್ಬರೂ ತಮ್ಮದನ್ನು ಪ್ರತಿ ಸಲ ಒಂದೇ ಥರ ಮಾಡುತ್ತಿದ್ದರು, ಕಲಿಯಬೇಕಾದ್ದು ಅದನ್ನು. ಗಾಳಿಯೇ ಇಲ್ಲದ ದಿನ ಹುಲ್ಲು ತೂರುವ ಮಕ್ಕಳನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಯಾಕೆ ತೂರುತ್ತಿದ್ದೇವೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಆರು ವಾರ ಸಮಯ ಕೊಡಿ. ನಡುವೆ ಒಂದೆರಡು ಮ್ಯಾಚ್ ಇನ್ನೂ ಕೆಟ್ಟದಾಗಬಹುದು. ಹಳೇ ಅಭ್ಯಾಸ ಬಿಟ್ಟು ಹೊಸದು ಕೂರುವಾಗ ಹಾಗಾಗುವುದು ಸಹಜ. ಆಗ ಬೌಂಡರಿ ಗೆರೆಯ ಆಚೆಯಿಂದ ಕೂಗಿ ಹೇಳಬೇಡಿ, ದಯವಿಟ್ಟು.

ಪ್ರಶ್ನೆ: ಟಿವಿಯಲ್ಲಿ ಓರೆ ಕೋನದಿಂದ ಎಲ್ಲರೂ ಸ್ನ್ಯಾಪ್ (ಕಾಲು ಅಡ್ಡ ಬೀಸಿ ಚೆಂಡನ್ನು ಬಾಗಿಸುವ ಕಿಕ್) ಹೊಡೆಯುತ್ತಾರೆ. 13 ವರ್ಷದ ಮಗಳಿಗೂ ಅದನ್ನೇ ಕಲಿಸಲಾ?

ಡ್ರಾಪ್ ಪಂಟ್ ನೆಟ್ಟಗೆ ಬಂದ ಮೇಲೆ ಕಲಿಸಿ, ಮುಂಚೆ ಬೇಡ. ಸ್ನ್ಯಾಪಿಗೂ ಅರ್ಥವಿದೆ. 40 ಮೀಟರ್ ದೂರದಲ್ಲಿ 45 ಡಿಗ್ರಿ ಓರೆಗೆ ನಿಂತರೆ ಆ 6.4 ಮೀಟರ್ ಬರೀ ನಾಲ್ಕೂವರೆ ಮೀಟರಿನಷ್ಟು ಕಾಣುತ್ತದೆ. ಬಾಗಿ ಬರುವ ಚೆಂಡಿಗೆ ಬಾಗಿಲು ಸ್ವಲ್ಪ ತೆರೆಯುತ್ತದೆ. ಆದರೆ ಬಲಗಾಲಿನ ಸ್ನ್ಯಾಪ್ ಬಲದಿಂದ ಎಡಕ್ಕೆ ಬಾಗುವುದರಿಂದ, ಗೋಲಿಗೆ ಮುಖ ಮಾಡಿ ನಿಂತಾಗ ಎಡಬದಿಯಿಂದ ಮಾತ್ರ ಅದು ಲಾಭ. ಮಕ್ಕಳು ಎರಡೂ ಕಡೆಯಿಂದ ಹೊಡೆಯುತ್ತಾರೆ! 2018ರ ಗ್ರ್ಯಾಂಡ್ ಫೈನಲ್ ಕೊನೆಯಲ್ಲಿ ವೆಸ್ಟ್ ಕೋಸ್ಟ್‌ನ ಡಾಮ್ ಶೀಡ್ ಬೌಂಡರಿ ಗೆರೆಯ ಪಕ್ಕದಿಂದ ಹೊಡೆದ ಗೋಲು ನೋಡಿ. ಡ್ರಾಪ್ ಪಂಟ್. ಅವರ ತಂಡ ಗೆದ್ದದ್ದು 5 ಅಂಕದಲ್ಲಿ.

ಪ್ರಶ್ನೆ: ಹೊಸ ಬೂಟು ಕೊಡಿಸಿದರೆ ಗುರಿ ಸುಧಾರಿಸುತ್ತದಾ?

ಊರುವ ಕಾಲು ಜಾರುತ್ತಿದ್ದರೆ ಕೊಡಿಸಿ, ಇಲ್ಲದಿದ್ದರೆ ದುಡ್ಡು ಉಳಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ. ರಗ್ಬಿ ಚೆಂಡಿನಲ್ಲಿ ಅಭ್ಯಾಸ ಮಾಡಬಹುದಾ?

ಬೇಡ. ಆಕಾರ ಬೇರೆ, ಕೈಗೆ ತಪ್ಪು ಅಭ್ಯಾಸ ಕೂರುತ್ತದೆ.

ಪ್ರಶ್ನೆ: 9 ವರ್ಷದ ಮಗನಿಗೆ ದೊಡ್ಡವರ 5ನೇ ಅಳತೆಯ ಚೆಂಡಿನಲ್ಲೇ ಅಭ್ಯಾಸ ಮಾಡಿಸಿದರೆ ಮುಂದೆ ಅನುಕೂಲ ಅಲ್ವಾ?

ಅಲ್ಲವೇ ಅಲ್ಲ. ಎಎಫ್‌ಎಲ್ ಮಹಿಳಾ ಲೀಗಿನವರೇ ಅದಕ್ಕಿಂತ ಚಿಕ್ಕ ಚೆಂಡಿನಲ್ಲಿ ಆಡುತ್ತಾರೆ. ಒಂದು ಕೈಯಲ್ಲಿ ಹಿಡಿದು ಇಳಿಸಲಾಗದ ಚೆಂಡನ್ನು ಮಗು ಎಸೆಯುತ್ತದೆ, ಆ ಎಸೆತ ಬಿಡಿಸಲು ನನಗೆ ವರ್ಷ ಬೇಕು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಬ್ಬರು ಕಾಲಿಗೆ ಕಟ್ಟುವ ತೂಕದ ಪಟ್ಟಿ ಮಾರುತ್ತಾರೆ. ಅದನ್ನು ಕಟ್ಟಿ ಕಿಕ್ ಹೊಡೆದರೆ ನಾಲ್ಕು ವಾರದಲ್ಲಿ ಗುರಿ ಗ್ಯಾರಂಟಿ ಅಂತೆ. ತರಿಸಲಾ?

ತರಿಸಬೇಡಿ. ಪಾದಕ್ಕೆ ಭಾರ ಕಟ್ಟಿದರೆ ಕಾಲು ಬೀಸುವ ಲಯವೇ ಬದಲಾಗುತ್ತದೆ. ಭಾರ ಬಿಚ್ಚಿದ ಮೇಲೆ ಆ ಲಯಕ್ಕೆ ಅರ್ಥವಿಲ್ಲ. ಮಂಡಿ, ತೊಡೆಸಂದಿಗೆ ಬೀಳುವ ಎಳೆತ ಬೇರೆ. ನಿಮ್ಮ ಮಗುವಿನ ಒಂದು ಕಿಕ್ಕನ್ನೂ ನೋಡದೆ ಗ್ಯಾರಂಟಿ ಕೊಡುವವರಿಂದ ದೂರ ಇರಿ. ಬೆಳೆಯುವ ಮಕ್ಕಳ ಮೈಮೇಲೆ ವ್ಯಾಪಾರ ಮಾಡುವುದು ಪಾಪದ ಕೆಲಸ.

ಪ್ರಶ್ನೆ: ಮಗನಿಗೆ 15. ದಿನಾ 100 ಕಿಕ್ ಹೊಡೆಯುತ್ತಾನೆ. ಎರಡು ವಾರದಿಂದ ತೊಡೆ ಸೊಂಟಕ್ಕೆ ಸೇರುವ ಜಾಗದಲ್ಲಿ ಮುಂಭಾಗಕ್ಕೆ ನೋವು. ಎಣ್ಣೆ ಹಚ್ಚಿ ತಿಕ್ಕಿ ಮುಂದುವರಿಸಬಹುದಾ?

ಇವತ್ತೇ ನಿಲ್ಲಿಸಿ. ಈ ವಿಷಯದಲ್ಲಿ ನಾನು ಬೇಕಿದ್ದರೆ ಅತಿಯಾಗಿ ಹೆದರುವವನು ಅಂದುಕೊಳ್ಳಿ. ಈ ವಯಸ್ಸಿನಲ್ಲಿ ಸೊಂಟದ ಮೂಳೆಗೆ ಸ್ನಾಯು ಅಂಟಿಕೊಳ್ಳುವ ಜಾಗ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ತೊಡೆಯ ಮುಂಭಾಗದ ಸ್ನಾಯು ಜೋರಾಗಿ ಎಳೆದರೆ ಮೂಳೆಯ ಚೂರೇ ಕಿತ್ತು ಬರಬಹುದು. ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗನೊಬ್ಬ ನೋವು ಮುಚ್ಚಿಟ್ಟು ಆಡಿ ಇಡೀ ಸೀಸನ್ ಕಳೆದುಕೊಂಡ. ಅವನು ಕುಂಟುತ್ತಾ ಮೈದಾನದಿಂದ ಹೊರಗೆ ಬಂದದ್ದು ಇನ್ನೂ ಕಣ್ಣಮುಂದಿದೆ. ತಿಕ್ಕುವುದು ಬೇಡ, ವೈದ್ಯರಿಗೋ ಕ್ರೀಡೆಯ ಫಿಸಿಯೊಗೋ ತೋರಿಸಿ. ಅವರು ಆಡಬಹುದು ಅಂದ ಮೇಲೆ 15 ಮೀಟರಿನೊಳಗೆ, ದಿನ ಬಿಟ್ಟು ದಿನ, 10 ಕಿಕ್‌ನಿಂದ ಶುರು ಮಾಡಿಸಿ. ಅಲ್ಲಿಯ ತನಕ ಕಾಂಕ್ರೀಟಿನ ಮೇಲೆ ಚೆಂಡು ಬಿಡುವ ಅಭ್ಯಾಸ ಸಾಕು, ಅದಕ್ಕೆ ಕಾಲು ಎತ್ತಬೇಕಾಗಿಲ್ಲ.