ಕುದುರೆಗೆ ಇನ್ನೊಂದು ಕುದುರೆಯ ಮೈಬಣ್ಣ ಹೇಗೆ ಕಾಣುತ್ತದೆ?

ಕೆಂಚು, ಕಪ್ಪು, ಬಿಳಿ ಕುದುರೆಗಳು ಒಟ್ಟಿಗೆ ಮೇಯುವಾಗ ಒಂದರ ಬಣ್ಣ ಇನ್ನೊಂದಕ್ಕೆ ಗೊತ್ತಾಗುತ್ತದಾ, ಇಲ್ಲ ಎಲ್ಲವೂ ಕಪ್ಪು-ಬಿಳುಪಾ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಕುದುರೆಗಳ ಬಗ್ಗೆ ಓದಲು ಶುರು ಮಾಡಿದಾಗಿನಿಂದ ನನ್ನನ್ನು ಜಾಸ್ತಿ ಹಿಡಿದಿಟ್ಟ ವಿಷಯ ಇದೇ.

ಕಪ್ಪು-ಬಿಳುಪು ಅಲ್ಲ. ಕುದುರೆಗೆ ಬಣ್ಣ ಕಾಣುತ್ತದೆ, ನಮಗಿಂತ ಕಡಿಮೆ ಅಷ್ಟೇ. ಬಣ್ಣ ಹಿಡಿಯುವ ಕೋನ್ ಕೋಶಗಳು ನಮ್ಮಲ್ಲಿ ಮೂರು ಬಗೆ, ಅದಕ್ಕೆ ಎರಡೇ. ಒಂದು ಬಗೆ 428 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ನೀಲಿ ಬೆಳಕಿಗೆ ಚುರುಕು, ಇನ್ನೊಂದು 539ರ ಆಸುಪಾಸಿನ ಹಸಿರಿಗೆ. ಹಾಗಾಗಿ ನೀಲಿ, ಹಳದಿ ಬೇರೆಬೇರೆಯಾಗಿ ಕಾಣುತ್ತವೆ. ಕೆಂಪು-ಹಸಿರು ಮಾತ್ರ ಕಲಸಿಹೋಗುತ್ತವೆ.

ಅಂದರೆ ಹಸಿರು ಹುಲ್ಲಿನ ನಡುವೆ ನಮ್ಮ ಕಣ್ಣಿಗೆ ಹೊಳೆಯುವ ಕೆಂಚು ಕುದುರೆ, ಅದರ ಜೊತೆಗಾರರ ಕಣ್ಣಿಗೆ ಅಷ್ಟು ಎದ್ದು ಕಾಣುವುದಿಲ್ಲ. ಆ ಕೆಂಪು ಅವುಗಳಿಗೆ ಮಂಕು ಹಳದಿ-ಕಂದಿನ ಹಾಗಿರಬೇಕು. ಅಲ್ಲಿ ಕೆಲಸಕ್ಕೆ ಬರುವುದು ಬೆಳಕು-ಕತ್ತಲೆಯ ವ್ಯತ್ಯಾಸ. ಬಿಳಿ ಕುದುರೆ, ಹಣೆಯ ಬಿಳಿ ಚುಕ್ಕೆ, ಬಿಳಿ ಕಾಲು ಸ್ಪಷ್ಟವಾಗಿ ಕಾಣುತ್ತವೆ. ಹಾಗಂತ ಗೆಳೆಯರನ್ನು ಗುರುತಿಸಲು ಅವು ಬಣ್ಣವನ್ನೇ ನಂಬಿ ಕೂರುವುದಿಲ್ಲ. ವಾಸನೆ, ಕೂಗು, ಮೈಕಟ್ಟು ಎಲ್ಲವೂ ಸೇರುತ್ತವೆ.

ಬ್ರಿಟನ್ನಿನ ರೇಸುಗಳಲ್ಲಿ ಇದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಅಲ್ಲಿ ಕುದುರೆ ಹಾರಬೇಕಾದ ಬೇಲಿಗಳಿಗೆ ಕಿತ್ತಳೆ ಬಣ್ಣ ಬಳಿಯುತ್ತಿದ್ದರು. ಅದು ಸವಾರನಿಗೆ ಚೆನ್ನಾಗಿ ಕಾಣುತ್ತಿತ್ತು, ಹಾರಬೇಕಾದ ಕುದುರೆಗೆ ಅಲ್ಲ. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧನೆಯ ನಂತರ 2022ರಿಂದ ಕಿತ್ತಳೆ ತೆಗೆದು ಬಿಳಿ ಬಳಿಯತೊಡಗಿದರು. ಇದು ಎಷ್ಟೋ ಮೊದಲೇ ಆಗಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮೈಬಣ್ಣ. ಇಷ್ಟೊಂದು ರಂಗುಗಳ ಹಿಂದೆ ಇರುವುದು ಎರಡೇ ವರ್ಣದ್ರವ್ಯ, ಒಂದು ಕಪ್ಪು, ಒಂದು ಕೆಂಪು. ಎಂಸಿ1ಆರ್ ಎಂಬ ಜೀನ್ ಕಪ್ಪನ್ನು ಮಾಡಲು ಬಿಡದಿದ್ದರೆ ಕುದುರೆ ಕೆಂಚಾಗುತ್ತದೆ. ತಂದೆ-ತಾಯಿ ಇಬ್ಬರೂ ಕೆಂಚಾದರೆ ಮರಿಗೆ ಕಪ್ಪು ಎಲ್ಲಿಂದಲೂ ಬರುವುದಿಲ್ಲ. ಕಪ್ಪು ಇದ್ದು, ಅದನ್ನು ಇನ್ನೊಂದು ಜೀನ್ ಕಾಲು, ಬಾಲ, ಜೂಲಿಗೆ ಮಾತ್ರ ಸೀಮಿತ ಮಾಡಿದರೆ ಅದೇ ‘ಬೇ’ ಎಂಬ ಮೈಬಣ್ಣ. ನಾವು ಬಿಳಿ ಎನ್ನುವ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟುವಾಗ ಬಿಳಿ ಇರುವುದೇ ಇಲ್ಲ. ಗಾಢ ಬಣ್ಣದಲ್ಲಿ ಹುಟ್ಟಿ ವರ್ಷ ಕಳೆದಂತೆ ಬೆಳ್ಳಗಾಗುತ್ತವೆ. ಚರ್ಮ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಇಂಥ ಕುದುರೆಗಳಿಗೆ ವಯಸ್ಸಾದಾಗ ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಗಡ್ಡೆಗಳು ಬರುವುದು ತುಂಬಾ ಸಾಮಾನ್ಯ, ಬಾಲದ ಕೆಳಗೆ ಆಗಾಗ ನೋಡುತ್ತಿರಬೇಕು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಮೈಬಣ್ಣ ಮತ್ತು ಕಣ್ಣು ನೇರವಾಗಿ ಸೇರುವ ಜಾಗವೊಂದಿದೆ. ಅಪ್ಪಲೂಸಾ, ಕ್ನಾಬ್‌ಸ್ಟ್ರಪ್ಪರ್ ತಳಿಗಳ ಚಿರತೆಯಂಥ ಚುಕ್ಕೆಗಳಿಗೆ ಕಾರಣ ಟಿಆರ್‌ಪಿಎಂ1 ಜೀನಿನ ಒಂದು ಬದಲಾವಣೆ. ಅದೇ ಜೀನ್ ಕಣ್ಣಿನ ರೆಟಿನಾಕ್ಕೂ ಬೇಕು. ಬದಲಾವಣೆ ತಂದೆ-ತಾಯಿ ಇಬ್ಬರಿಂದಲೂ ಬಂದ ಕುದುರೆಗೆ ಹುಟ್ಟಿನಿಂದಲೇ ಇರುಳುಗುರುಡು. ಒಬ್ಬರಿಂದ ಮಾತ್ರ ಬಂದಿದ್ದರೆ ರಾತ್ರಿ ದೃಷ್ಟಿಗೆ ತೊಂದರೆಯಿಲ್ಲ. ಅಂಥ ಚುಕ್ಕೆಯ ಕುದುರೆ ಕತ್ತಲಾಗುತ್ತಿದ್ದಂತೆ ಬೆದರಿದರೆ ಅದನ್ನು ಮೊಂಡು ಎಂದು ಸುಮ್ನೆ ಗದರಬೇಡಿ. ಜೀನ್ ಪರೀಕ್ಷೆ ಮಾಡಿಸಿ. ಇರುಳುಗುರುಡು ಎಂದು ಗೊತ್ತಾದರೆ ಕತ್ತಲಲ್ಲಿ ಸವಾರಿಗೆ ತೆಗೆಯಬೇಡಿ, ರಾತ್ರಿ ಅದಕ್ಕೆ ಪರಿಚಯವಿರುವ ಜಾಗದಲ್ಲೇ ಇರಲು ಬಿಡಿ.