ಸಂಬಳ ಏರಿದರೂ ಕೈ ಬರಿದಾಗುವುದೇಕೆ?

ಪ್ರಶ್ನೆ: ಎರಡು ವರ್ಷಗಳ ನಂತರ ನನ್ನ ಸಂಬಳ ಶೇ. 5ರಷ್ಟು ಹೆಚ್ಚಿದೆ. ಹಣದುಬ್ಬರವೂ ಇಳಿಯುತ್ತಿದೆ ಎನ್ನುತ್ತಾರೆ. ಆದರೂ ತಿಂಗಳ ಕೊನೆಯ ವಾರ ಸಾಲವಿಲ್ಲದೆ ಮನೆ ನಡೆಯುತ್ತಿಲ್ಲ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತಪ್ಪು ನಿಮ್ಮದಲ್ಲ, ದಯವಿಟ್ಟು ಆ ಅಳುಕನ್ನು ಮನಸ್ಸಿನಿಂದ ತೆಗೆದುಹಾಕಿ. ಹಣದುಬ್ಬರ ಇಳಿಯಿತು ಎಂದರೆ ಬೆಲೆಗಳು ಇಳಿದವು ಎಂದಲ್ಲ, ಅವು ಏರುವ ವೇಗ ತಗ್ಗಿತು ಎಂದಷ್ಟೇ ಅರ್ಥ. ಬೆಲೆಗಳು ಒಂದು ವರ್ಷ ಶೇ. 8, ಮರುವರ್ಷ ಶೇ. 4ರಷ್ಟು ಏರಿದವೆಂದುಕೊಳ್ಳಿ, ಮೊದಲು 100 ಇದ್ದ ಖರ್ಚು ಈಗ 112ನ್ನು ದಾಟಿರುತ್ತದೆ, ನಿಮ್ಮ ಸಂಬಳವಾದರೋ 105ರಲ್ಲೇ ನಿಂತಿರುತ್ತದೆ.

ಇದಲ್ಲದೆ, ಪ್ರಕಟವಾಗುವ ಅಂಕಿ ಎಲ್ಲ ಮನೆಗಳ ಸರಾಸರಿ. ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಹೆಚ್ಚು ಎಂಬುದನ್ನು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು. ಹಾಗಾಗಿ ಆಹಾರ, ಬಾಡಿಗೆ, ಇಂಧನ ತುಟ್ಟಿಯಾದಾಗ ಸರಾಸರಿ ಅಂಕಿ ಹೇಳುವುದಕ್ಕಿಂತ ಹೆಚ್ಚಿನ ಪೆಟ್ಟು ಸಾಮಾನ್ಯರ ಮನೆಗೆ ಬೀಳುತ್ತದೆ. ಬಾಡಿಗೆಯನ್ನು ಮುಂದೂಡಲಾಗದು, ಮುಂದೂಡುವುದು ತಾಯಿಯ ಹೊಸ ಕನ್ನಡಕವನ್ನು, ಹಲ್ಲಿನ ಚಿಕಿತ್ಸೆಯನ್ನು. ಖರ್ಚಿನ ಪುಸ್ತಕದಲ್ಲಿ ಕಾಣದ ಈ ನಷ್ಟವೇ ನನ್ನನ್ನು ಹೆಚ್ಚು ಕಾಡುತ್ತದೆ.

ಮೊದಲು ಸಾಲದತ್ತ ಗಮನ ಕೊಡಿ. ತಿಂಗಳಿಗೆ ಶೇ. 3ರ ಬಡ್ಡಿ ಚಿಕ್ಕದೆನಿಸಿದರೂ, ತೀರಿಸದೆ ಬಿಟ್ಟರೆ ವರ್ಷದಲ್ಲಿ ಚಕ್ರಬಡ್ಡಿಯಾಗಿ ಶೇ. 42ನ್ನು ಮೀರುತ್ತದೆ. ಸಂಬಳದ ಹೆಚ್ಚಳವನ್ನು ಸದ್ಯಕ್ಕೆ ಅತಿ ಹೆಚ್ಚು ಬಡ್ಡಿಯ ಸಾಲ ತೀರಿಸಲು ಬಳಸಿ. ಮುಂದಿನ ಬಾರಿ ಸಂಬಳದ ಮಾತುಕತೆಗೆ ಹೋಗುವಾಗ ಎರಡು ವರ್ಷಗಳ ಮನೆಖರ್ಚಿನ ಲೆಕ್ಕವನ್ನು ಬರೆದು ಜೊತೆಗೊಯ್ಯಿರಿ.